ಮಾತು ಕೇಳದ ದೊರೆಸಾನಿ

ಆ ಬೀದಿಯಲ್ಲಿ ಕೂದಲು ಕತ್ತರಿಸುವ ಅಂಗಡಿಗಳು ಮೂರಿದ್ದವು. ಮೂರರಲ್ಲೂ ಅದೇ ಕನ್ನಡಿ, ಅದೇ ಹರಿದ ರೆಕ್ಸಿನ್ನಿನ ಕುರ್ಚಿ, ಅದೇ ಪೌಡರಿನ ವಾಸನೆ. ಆದರೂ ಜನ ಕಾದು ಕೂರುತ್ತಿದ್ದದ್ದು ನಡುವಿನ ಅಂಗಡಿಯಲ್ಲಿ. ಅಲ್ಲಿನ ಕ್ಷೌರಿಕನ ಕತ್ತರಿಗಿಂತ ನಾಲಗೆಯೇ ಹರಿತ ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಗೆ ಮುಂಚೆ ಅವನು ಬೀದಿಯವರ ಸುದ್ದಿಯನ್ನೆಲ್ಲ ಹರಡುತ್ತಿದ್ದ. ಮಗಳು ಹುಟ್ಟಿದ ಮೇಲೆ ಬೀದಿಯವರು ಬಚಾವಾದರು. ಎರಡು ವರ್ಷ ಅವನ ಬಾಯಲ್ಲಿ ಮಗಳನ್ನು ಬಿಟ್ಟರೆ ಬೇರೆ ಸುದ್ದಿಯಿರಲಿಲ್ಲ.

ಮಗಳಿಗೆ ಅವನಿಟ್ಟ ಅಡ್ಡಹೆಸರು ದೊರೆಸಾನಿ.

"ನಿನ್ನೆ ಏನಾಯ್ತು ಗೊತ್ತಾ ಸಾರ್?" ಎಂದು ಅವನು ಗಿರಾಕಿಯ ಕೊರಳಿಗೆ ಬಟ್ಟೆ ಸುತ್ತಿದನೆಂದರೆ ಬೆಂಚಿನ ಮೇಲೆ ಕಾಯುತ್ತಿದ್ದವರು ಪೇಪರು ಮಡಿಸಿಡುತ್ತಿದ್ದರು. "ದೊರೆಸಾನಿ ಬಾಳೆಹಣ್ಣು ಬೇಕು ಅಂತ ಬೆರಳು ತೋರಿಸಿದಳು. ಸುಲಿದು, ಎರಡು ತುಂಡು ಮಾಡಿ ಕೊಟ್ಟೆ. ತಗೊಳ್ಳಿ, ಭೂಮಿ ಬಾಯಿ ಬಿಡ್ತು! ಮುರಿದದ್ದೇ ತಪ್ಪಂತೆ. ಎರಡೂ ತುಂಡು ನನ್ನ ಕೈಗಿಟ್ಟು, ಅಂಟಿಸು ಅಂತಾಳೆ. ಬಾಳೆಹಣ್ಣಿಗೆ ಯಾವ ಗೋಂದು ಸಾರ್ ಹಾಕಲಿ? ಅರ್ಧ ಗಂಟೆ ನೆಲದ ಮೇಲೆ ಮೀನಿನ ಹಾಗೆ ಒದ್ದಾಡಿದಳು. ಇನ್ನೊಂದು ಹಣ್ಣು ಕೊಟ್ರೆ ಬೇಡ. ಅದೇ ಆಗಬೇಕು."

ಮನೆ ಅಂಗಡಿಯ ಮೇಲೆಯೇ, ಹದಿನಾಲ್ಕು ಮೆಟ್ಟಿಲು. ಹೆಂಡತಿ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಬೆಳಿಗ್ಗೆ ಹೋದರೆ ಮಧ್ಯಾಹ್ನ ಬರುತ್ತಿದ್ದಳು. ಅಲ್ಲಿಯವರೆಗೆ ದೊರೆಸಾನಿಯ ಆಸ್ಥಾನ ಅಂಗಡಿಯ ಮೂಲೆಯಲ್ಲಿ. ಮರದ ಕಟಾಂಜನದ ತೊಟ್ಟಿಲು, ಅದರಲ್ಲಿ ಹಲ್ಲುದುರಿದ ಬಾಚಣಿಗೆಗಳು, ಖಾಲಿ ಪೌಡರ್ ಡಬ್ಬಿಗಳು. ಎದುರು ಗೋಡೆಗೆ ಉದ್ದಕ್ಕೂ ಕನ್ನಡಿ, ಹಿಂದಿನ ಗೋಡೆಗೂ ಕನ್ನಡಿ. ಯಾರು ಬಾಗಿಲು ತೆಗೆದರೂ ಅವಳು ಆಗಲೇ ಅತ್ತ ನೋಡುತ್ತಿರುತ್ತಿದ್ದಳು.

"ಬೇರೆ ಮಕ್ಕಳು ಮಿಷನ್ ಶುರು ಮಾಡಿದ ಕೂಡಲೇ ಕಿರುಚಿ ಬೀದಿ ಒಂದು ಮಾಡ್ತಾವೆ," ಎನ್ನುತ್ತಿದ್ದ ಕ್ಷೌರಿಕ. "ನನ್ನ ಮಗಳು ನೋಡಿ. ಮೊದಲನೇ ಸಲ ಕೂದಲು ತೆಗೆಯುವಾಗ ಮಿಷನ್ನಿಗೆ ಕೆನ್ನೆ ಕೊಟ್ಟುಕೊಂಡು ನಕ್ಕಳು. ಗುಂಡಿಗೆ ಅಂದ್ರೆ ಅದು."

"ಮಾತಾಡ್ತಾಳಾ?" ಎಂದು ಯಾರಾದರೂ ಕೇಳಿದರೆ ಅದಕ್ಕೂ ಅವನ ಬಳಿ ಉತ್ತರ ಸಿದ್ಧವಿರುತ್ತಿತ್ತು. "ಎಂಟು ತಿಂಗಳಿಗೇ ಭಾಷಣ ಶುರು ಮಾಡಿದ್ದಳು ಸಾರ್, ಬಾ ಬಾ ಬಾ, ಮಾ ಮಾ ಮಾ. ಹತ್ತನೇ ತಿಂಗಳಿಗೆ ಮೌನ. ಅಪ್ಪನ ಮಾತು ಕೇಳಿ ಕೇಳಿ ಸುಸ್ತಾಗಿರಬೇಕು. ಈಗ ಏನಿದ್ದರೂ ಬೆರಳು, ಕಣ್ಣು. ಕರೆದರೆ ತಿರುಗಿ ಸಹ ನೋಡಲ್ಲ, ಅರ್ಜಿ ಹಾಕಿ ಕಾಯಬೇಕು. ನನ್ನ ಮಾತಂತೂ ಕೇಳೋದೇ ಇಲ್ಲ."

"ಹೆಣ್ಣುಮಕ್ಕಳೇ ಹಾಗೆ," ಎಂದು ಪೋಸ್ಟ್‌ಮ್ಯಾನ್ ನಗುತ್ತಿದ್ದ. ಅವನಿಗೆ ಮೂವರಿದ್ದರು.

ಒಂದು ದಿನ ಬೆಳಿಗ್ಗೆ ಹೊಸ ಗಿರಾಕಿಗಳು ಬಂದರು. ನಡುವಯಸ್ಸಿನ ಹೆಂಗಸು, ಜೊತೆಗೆ ಅವಳ ಅಪ್ಪ, ಎಂಬತ್ತರ ಆಸುಪಾಸಿನ ಮುದುಕ. ಮುದುಕನ ಕಿವಿಯ ಹಿಂದೆ ಸಣ್ಣ ಮಿಷನ್ ಇತ್ತು. ಕತ್ತರಿ ತಗಲಬಾರದೆಂದು ಅವಳೇ ಅದನ್ನು ತೆಗೆದು ಪರ್ಸಿನಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತಳು. ಮುದುಕನಿಗೆ ಕೇಳದು, ಬೆಂಚಿನ ಮೇಲೆ ಬೇರೆ ಯಾರೂ ಇಲ್ಲ. ಕ್ಷೌರಿಕ ತನ್ನ ಸರಕನ್ನೆಲ್ಲ ಅವಳೊಬ್ಬಳ ಮುಂದೆಯೇ ಬಿಚ್ಚಿದ. ಬಾಳೆಹಣ್ಣಿಗೆ ಅವಳು ನಕ್ಕಳು. ಮಿಷನ್ನಿಗೆ ಕೆನ್ನೆ ಕೊಟ್ಟದ್ದಕ್ಕೂ ನಕ್ಕಳು. ಅರ್ಜಿಯ ಮಾತಿಗೆ ನಗಲಿಲ್ಲ. ತೊಟ್ಟಿಲ ಕಡೆ ನೋಡಿದಳು.

"ನೀವು ಕಣ್ಣಿಗೆ ಬೀಳದ ಹಾಗೆ ನಿಂತು ಕರೆದರೆ ತಿರುಗ್ತಾಳಾ?" ಎಂದು ಕೇಳಿದಳು.

"ಮೂಡ್ ಇದ್ರೆ ತಿರುಗ್ತಾಳಮ್ಮ."

"ಹಾಗಲ್ಲ. ತಪ್ಪು ತಿಳೀಬೇಡಿ. ನಮ್ಮಪ್ಪನಿಗೆ ಕಿವಿ ಮಂದ ಆಗ್ತಿದೆ ಅಂತ ನಮಗೆ ಗೊತ್ತಾಗೋಕೆ ನಾಲ್ಕು ವರ್ಷ ಬೇಕಾಯ್ತು. ಹಠಮಾರಿ ಮುದುಕ, ಯಾರ ಮಾತೂ ಕೇಳಲ್ಲ ಅಂತ ಎಲ್ಲರೂ ಬೈತಿದ್ವಿ. ನಾನೂ ಬೈದಿದ್ದೀನಿ."

"ಇವಳು ಮಗು ಅಮ್ಮ. ಮುದುಕಿ ಅಲ್ಲ," ಎಂದ ಕ್ಷೌರಿಕ. ಹೇಳಿದ್ದು ನಗುತ್ತಲೇ, ಆದರೆ ಕತ್ತರಿಯ ಸದ್ದು ಜೋರಾಯಿತು. ಹೊರಡುವಾಗ ಅವಳು ಅಪ್ಪನ ಕಿವಿಗೆ ಮಿಷನ್ ಸಿಕ್ಕಿಸಿ, ತೋಳು ಹಿಡಿದು ಹೊಸ್ತಿಲು ದಾಟಿಸಿದಳು.

ಆಮೇಲೆ ಬಂದ ಮೂವರಿಗೂ ಅವನು ಏನೂ ಹೇಳಲಿಲ್ಲ. ಮೂರನೆಯವನು "ಏನಪ್ಪಾ, ಹುಷಾರಿಲ್ವಾ?" ಎಂದು ಕೇಳಿಯೇ ಬಿಟ್ಟ.

ಹನ್ನೆರಡೂವರೆಗೆ, ಮಗು ಮಲಗುವ ಹೊತ್ತಿಗೆ, ಅವನು ದಿನಾ ಅಂಗಡಿಯ ಶಟರನ್ನು ಅರ್ಧ ಎಳೆಯುತ್ತಿದ್ದ. ತುಕ್ಕು ಹಿಡಿದ ಹಳೇ ಶಟರು. ಎಳೆದರೆ ಆ ಸದ್ದಿಗೆ ಎದುರು ಸಾಲಿನ ಹೊಲಿಗೆಯವನು ಸೂಜಿ ಚುಚ್ಚಿಕೊಂಡು ಬೈಯುತ್ತಿದ್ದ. ಅವತ್ತು ಅವನು ತೊಟ್ಟಿಲನ್ನು ಎತ್ತಿ, ಮಗಳ ಮುಖ ಮೂಲೆಯ ಬರೀ ಗೋಡೆಗೆ ಬರುವ ಹಾಗೆ ತಿರುಗಿಸಿಟ್ಟ. ಕನ್ನಡಿ ಕಾಣಬಾರದು. ಅವಳು ಪೌಡರ್ ಡಬ್ಬಿಯ ಮುಚ್ಚಳದೊಂದಿಗೆ ಜಗಳವಾಡುತ್ತಿದ್ದಳು. ಅವನು ಬಾಗಿಲಿಗೆ ಹೋದ. ಕೊಕ್ಕೆ ಹಾಕಿ, ಶಟರನ್ನು ಮೇಲಿಂದ ಕೆಳತನಕ ಒಂದೇ ಏಟಿಗೆ ಎಳೆದ.

ಹೊಲಿಗೆಯವನು ಬೈದದ್ದು ಒಳಗೂ ಕೇಳಿಸಿತು.

ದೊರೆಸಾನಿ ಮುಚ್ಚಳ ತಿರುಗಿಸುತ್ತಲೇ ಇದ್ದಳು.

ಅವನು ಶಟರನ್ನು ಎತ್ತಿ ಮತ್ತೆ ಎಳೆದ. ಮತ್ತೊಮ್ಮೆ ಎಳೆದ. ಆಮೇಲೆ ಚಪ್ಪಲಿ ಬಿಟ್ಟು ಹತ್ತಿರ ಬಂದು ಅವಳ ಬೆನ್ನ ಹಿಂದೆ ಕೂತ. ಕರೆದ. ಹುಟ್ಟಿದಾಗಿನಿಂದ ಇಟ್ಟ ಹೆಸರುಗಳನ್ನೆಲ್ಲ ಕರೆದ: ದೊರೆಸಾನಿ, ಕಳ್ಳಿ, ಚಿನ್ನಾರಿ, ಗುಂಡಮ್ಮ, ನನ್ನಮ್ಮ. ಮೊದಲು ಮೆಲ್ಲಗೆ, ಆಮೇಲೆ ಗಂಟಲು ಕಿತ್ತುಹೋಗುವ ಹಾಗೆ. ಕೂಗಿದ್ದಕ್ಕೆ ಅವನ ಉಸಿರು ಅವಳ ಕುತ್ತಿಗೆಗೆ ತಾಕಿರಬೇಕು. ಕುತ್ತಿಗೆ ಕೆರೆದುಕೊಂಡು ತಿರುಗಿದಳು. ಅಪ್ಪನನ್ನು ಕಂಡು ಮುಖವೆಲ್ಲ ಅರಳಿಸಿ, ಎತ್ತಿಕೋ ಎಂದು ಎರಡೂ ಕೈ ಚಾಚಿದಳು.

ಹೆಂಡತಿ ಎರಡೂವರೆಗೆ ಬಂದಾಗ ಶಟರು ಮುಚ್ಚಿಯೇ ಇತ್ತು. ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಗಂಡ ಗಿರಾಕಿಯ ಕುರ್ಚಿಯಲ್ಲಿ ಕೂತಿದ್ದ, ಮಗು ಅವನೆದೆಯ ಮೇಲೆ ನಿದ್ದೆ ಮಾಡುತ್ತಿತ್ತು.

"ಮಗೂಗೆ ಕಿವಿ ಕೇಳಲ್ಲ ಕಣೇ," ಎಂದ.

ಅವಳು ಕೈಚೀಲ ಕೆಳಗಿಟ್ಟಳು. "ಗೊತ್ತು," ಎಂದಳು.

"ಗೊತ್ತಾ?"

"ಒಂದು ವರ್ಷ ಆಯ್ತು. ನಿಮಗೆ ಹೇಳಿದ್ನಲ್ಲ."

ಅವನಿಗೆ ನೆನಪಾಯಿತು. ಮಗುವಿಗೆ ಹನ್ನೊಂದು ತಿಂಗಳಾಗಿದ್ದಾಗ ಹೆಂಡತಿ ಅದರ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿದಿದ್ದಳು, ಎರಡು ದಿನ, ಮೂರು ದಿನ. ರೀ, ಇವಳು ತಿರುಗ್ತಿಲ್ಲ ನೋಡಿ ಎಂದಿದ್ದಳು. ನಿನ್ನ ಅಡುಗೆ ಬಂತು ಅಂತ ಹೆದರಿ ಕೂತಿದ್ದಾಳೆ ಬಿಡು ಎಂದು ಅವನು ಅಂದಿದ್ದ. ಮಾರನೇ ದಿನ ಅಂಗಡಿಯಲ್ಲಿ ಅದನ್ನೇ ಅಭಿನಯಿಸಿ ತೋರಿಸಿದ್ದ. ಹೆಂಡತಿಯ ಹಾಗೆ ಸೆರಗು ಸಿಕ್ಕಿಸಿಕೊಂಡು, ಸೋಪಿನ ಬಟ್ಟಲನ್ನು ಬಾಚಣಿಗೆಯಿಂದ ಬಡಿಯುತ್ತಾ, ಅವಳದೇ ದನಿಯಲ್ಲಿ 'ರೀ, ತಿರುಗ್ತಿಲ್ಲ ನೋಡೀ' ಎಂದು ಎರಡು ಕುರ್ಚಿಗಳ ನಡುವೆ ಮೆರವಣಿಗೆ ಹೋಗಿದ್ದ. ಅಂಗಡಿ ನಕ್ಕು ನಕ್ಕು ಬಿದ್ದಿತ್ತು. ಒಂದು ತಿಂಗಳು ಜನ ಅದನ್ನೇ ಕೇಳಿ ಮಾಡಿಸಿದ್ದರು.

"ನಮ್ಮ ಲಾಂಡ್ರಿಯವಳೊಬ್ಬಳ ಗಂಡ ನಿಮ್ಮ ಗಿರಾಕಿ," ಎಂದಳು ಹೆಂಡತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದಿನ ಊಟಕ್ಕೆ ಕೂತಾಗ ಅವಳು ನನ್ನ ಹಿಂದೆ ಬಂದು ತಟ್ಟೆ ಬಾರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಏನು ಮಾಡಲಿ? ಮನೆಗೆ ಬಂದು ತಟ್ಟೆ ಒಳಗಿಟ್ಟುಬಿಟ್ಟೆ. ಮತ್ತೆ ಬಾರಿಸಿದರೆ ನೀವು ಮತ್ತೆ ಕಥೆ ಮಾಡ್ತೀರಿ ಅನ್ನಿಸ್ತು. ನಂದೇ ಭ್ರಮೆ ಇರಬೇಕು ಅಂದ್ಕೊಂಡೆ. ದಿನಾ ಅಂದ್ಕೊಂಡೆ."

ಅವನು ಏನೋ ಹೇಳಲು ಬಾಯಿ ತೆರೆದ.

"ಸುಮ್ನಿರಿ," ಎಂದಳು. "ಮಗೂನ ಕೊಡಿ."

ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮೂರು ವಾರ ಕಾಯಬೇಕಾಯಿತು. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಮಗುವನ್ನು ಮಲಗಿಸಿ ತಲೆಗೆ ತಂತಿಗಳನ್ನು ಅಂಟಿಸಿದರು. ಕಿವಿಗೆ ಸದ್ದು ಬಿಟ್ಟಾಗ ಪರದೆಯ ಮೇಲೆ ಗೆರೆಗಳು ಎದ್ದೇಳಬೇಕಿತ್ತು. ಚಪ್ಪಟೆಯಾಗಿ ಓಡಿದವು. ತಂದೆಗೆ ಸುಮ್ಮನಿರಲಾಗಲಿಲ್ಲ. "ನನ್ನ ಮಾತು ಕೇಳಲ್ಲ ಅಂತ ಗೊತ್ತಿತ್ತು ಮೇಡಂ, ನಿಮ್ಮ ಮಿಷನ್ ಮಾತೂ ಕೇಳಲ್ಲ ಅಂತಾಳಲ್ಲ," ಎಂದ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಒಮ್ಮೆ ಅವನನ್ನು ನೋಡಿ, ಮತ್ತೆ ಪರದೆ ನೋಡತೊಡಗಿದರು.

ಎರಡನೇ ಸಲ, ತಲೆಯ ಸ್ಕ್ಯಾನಿಂಗ್ ಆದ ಮೇಲೆ, ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಸದ್ದನ್ನು ಮಿದುಳಿಗೆ ಒಯ್ಯುವ ನರವೇ ಬೆಳೆದಿಲ್ಲ, ಎರಡೂ ಕಡೆ. ಕಿವಿಗೆ ಮಿಷನ್ ಹಾಕಿದರೂ ಆಪರೇಷನ್ ಮಾಡಿದರೂ ಉಪಯೋಗವಿಲ್ಲ.

"ಹಾಗಿದ್ರೆ ಮೊದಲೇ ಬಂದಿದ್ರೂ ಏನೂ ಆಗ್ತಿರಲಿಲ್ಲ ಅಲ್ವಾ ಮೇಡಂ?" ಎಂದ. ಆ ಪ್ರಶ್ನೆಯಲ್ಲಿದ್ದ ಆಸೆ ಅವನಿಗೇ ಕೇಳಿಸಿತು.

"ಕಿವಿ ಬರ್ತಿರಲಿಲ್ಲ. ಭಾಷೆ ಬರ್ತಿತ್ತು. ಕೈಭಾಷೆ. ಈ ವಯಸ್ಸಲ್ಲಿ ಒಂದೊಂದು ತಿಂಗಳೂ ದೊಡ್ಡದು." ಅವರು ಪೆನ್ನು ಕೆಳಗಿಟ್ಟರು. "ಎರಡು ವರ್ಷ ಈ ಮಗುವಿನ ಜೊತೆ ಯಾರೂ ಮಾತಾಡಿಲ್ಲ ಅಂತ ತಿಳ್ಕೊಳ್ಳಿ. ನಿಮಗೆ ಯಾವತ್ತೂ ಅನುಮಾನ ಬರಲಿಲ್ವಾ?"

ಕ್ಷೌರಿಕ ನೆಲ ನೋಡಿದ. ಈಗ ಹೆಂಡತಿಯ ಬಾಯಿಂದ ತಟ್ಟೆಯ ಕಥೆ ಬರುತ್ತದೆ ಎಂದುಕೊಂಡ.

"ಇಲ್ಲ ಮೇಡಂ," ಎಂದಳು ಹೆಂಡತಿ. "ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಮಗು ಅವನ ಮೂಗನ್ನು ಹಿಡಿದೆಳೆದು ತನ್ನ ಕಡೆ ತಿರುಗಿಸಿಕೊಳ್ಳುತ್ತಿತ್ತು. ಇಳಿಯುವ ಮುಂಚೆ ಹೆಂಡತಿ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಅಂಗಡೀಲಿ ಅವಳ ಸುದ್ದಿ ಎತ್ತಬೇಡಿ. ಒಂದು ಮಾತೂ ಬೇಡ."

ಅವನು ಎತ್ತಲಿಲ್ಲ. ಹವಾಮಾನದ ಮಾತಾಡಿದ, ಆಟದ ಸ್ಕೋರು ಕೇಳಿದ. ಬೆಂಚಿನ ಮೇಲಿನವರು ಪೇಪರನ್ನು ಕೊನೇ ಪುಟದವರೆಗೂ ಓದಲು ಕಲಿತರು. ಕೆಲವರು ಪಕ್ಕದ ಅಂಗಡಿಗೆ ಹೋದರು, ಅಲ್ಲಿ ಹೊಸದಾಗಿ ಟೀವಿ ಹಾಕಿದ್ದರು. "ಏನು ಗುರುವೇ, ದೊರೆಸಾನಿ ಏನಂತಾಳೆ?" ಎಂದು ಪೋಸ್ಟ್‌ಮ್ಯಾನ್ ಕೇಳಿದಾಗ "ಚೆನ್ನಾಗಿದ್ದಾಳೆ" ಎಂದ. ಎರಡು ಮೂರು ಸಲ ಕೇಳಿ ಅವನೂ ಬಿಟ್ಟ.

ಶನಿವಾರ ಮಧ್ಯಾಹ್ನ ಒಂದು ಶಾಲೆಯ ಖಾಲಿ ತರಗತಿಯಲ್ಲಿ ಕೈಭಾಷೆಯ ಪಾಠ. ಕಲಿಸುವ ಟೀಚರಿಗೂ ಹುಟ್ಟಿದಾಗಿನಿಂದ ಕಿವಿ ಕೇಳದು. ಆರು ಜೋಡಿ ಅಪ್ಪ ಅಮ್ಮಂದಿರು ಸಣ್ಣ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. ಹೆಂಡತಿ ಬೇಗ ಕಲಿತಳು. ಇಪ್ಪತ್ತು ವರ್ಷ ಕತ್ತರಿ ಹಿಡಿದ ಅವನ ಕೈಯಲ್ಲಿ ಮಾತ್ರ ಹೆಬ್ಬೆರಳೂ ಉಂಗುರದ ಬೆರಳೂ ಕೂಡಿಕೊಂಡೇ ಇರುತ್ತಿದ್ದವು. 'ನೀರು' ಎನ್ನಲು ಹೋಗಿ ಏನನ್ನೋ ಮಾಡಿದ. ಟೀಚರು ಬೋರ್ಡಿಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. ಏನೆಂದು ಅವರು ಹೇಳಲಿಲ್ಲ. ಕೈಭಾಷೆಯಲ್ಲಿ ಕೇಳಲು ಅವನಿಗೆ ಇನ್ನೂ ಬರುತ್ತಿರಲಿಲ್ಲ.

ದೊರೆಸಾನಿಗೆ ಮೊದಲು ಬಂದ ಮಾತು 'ಬೇಡ.' ಅಂಗೈಯನ್ನು ಮುಂದೆ ಮಾಡಿ ಎಡಕ್ಕೂ ಬಲಕ್ಕೂ ಬೀಸುವುದು. ಎರಡೂಕಾಲು ವರ್ಷ ಒಳಗೆ ಕಟ್ಟಿಟ್ಟಿದ್ದ ಬೇಡಗಳನ್ನೆಲ್ಲ ಅವಳು ಒಂದೇ ವಾರದಲ್ಲಿ ಹೊರಗೆ ಹಾಕಿದಳು. ಹಾಲು ಬೇಡ, ಸಾಕ್ಸು ಬೇಡ, ಸ್ನಾನ ಬೇಡ, ಅಪ್ಪ ಬೇಡ. ಬೇಕಾದ ಬಿಸ್ಕತ್ತು ಕೊಟ್ಟರೆ ಅದಕ್ಕೂ ಬೇಡ, ಕಿತ್ತುಕೊಂಡು ತಿನ್ನುತ್ತಾ ಬೇಡ.

ಒಂದು ದಿನ ಅಂಗಡಿಯಲ್ಲಿ ತೊಟ್ಟಿಲೊಳಗೆ ನಿಂತು ಬಂದ ಗಿರಾಕಿಗಳಿಗೆಲ್ಲ ಹಾಗೇ ಕೈಬೀಸಿದಳು. ಮಗು ಟಾಟಾ ಮಾಡುತ್ತಿದೆ ಎಂದುಕೊಂಡು ಎಲ್ಲರೂ ಖುಷಿಯಿಂದ ತಿರುಗಿ ಬೀಸಿದರು. ಬೋಳುತಲೆಯ ಬ್ಯಾಂಕಿನವರಂತೂ ನಾಲ್ಕು ಕೂದಲು ಕತ್ತರಿಸಿಕೊಂಡು ಹೋಗುವ ತನಕ ಬೀಸುತ್ತಲೇ ಇದ್ದರು. ಅವಳು ಅವರೆಲ್ಲ ಅಂಗಡಿಗೇ ಬೇಡ ಎನ್ನುತ್ತಿದ್ದಾಳೆಂದು ಗೊತ್ತಿದ್ದವನು ಕ್ಷೌರಿಕನೊಬ್ಬನೇ. ಪೋಸ್ಟ್‌ಮ್ಯಾನ್ ಕುರ್ಚಿಯಲ್ಲಿದ್ದ. ಕ್ಷೌರಿಕನ ನಾಲಗೆಯ ತುದಿಗೆ ಮಾತು ಬಂದಿತ್ತು. ಅವನು ಪೋಸ್ಟ್‌ಮ್ಯಾನಿನ ತಲೆಗೆ ಬೇಕಾದದ್ದಕ್ಕಿಂತ ಹೆಚ್ಚು ನೀರು ಚಿಮುಕಿಸಿದ.

ಹೆಂಡತಿ ಬಂದ ಕೂಡಲೇ ಹೇಳಿದ, ಬ್ಯಾಂಕಿನವರನ್ನು ಅಭಿನಯಿಸಿಯೇ ಹೇಳಿದ. ಅವಳು ಮಗುವಿಗೆ ಅನ್ನ ಕಲಸುತ್ತಿದ್ದಳು. ತುಟಿಯ ಒಂದು ತುದಿ ಅಲುಗಿತು, ನಿಂತಿತು.

"ಅಂಗಡೀಲಿ ಹೇಳಿದ್ರಾ?"

"ಇಲ್ಲ."

"ಪೋಸ್ಟ್‌ಮ್ಯಾನ್‌ಗೆ?"

"ಇಲ್ಲ ಅಂದ್ನಲ್ಲ." ಆಮೇಲೆ ಕೇಳಿದ, "ಹೇಳಲಾ? ಅವಳಿಗೆ ಕೇಳಲ್ಲ ಅನ್ನೋದನ್ನೂ ಸೇರಿಸಿ, ಎಲ್ಲಾನೂ ಹೇಳ್ತೀನಿ. ನಾನು ಮಾಡಿದ್ದನ್ನೂ."

ಅವಳು ತುತ್ತು ಮಾಡಿ ಮಗುವಿನ ಬಾಯ ಬಳಿ ಹಿಡಿದಳು. ಮಗು ಬೇಡ ಎಂದಿತು. ಅವಳು ಕಾದಳು.

"ಈಗ ಬೇಡ," ಎಂದಳು. "ಯಾವತ್ತು ಅಂತ ನನ್ನ ಕೇಳಬೇಡಿ. ನಂಗೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಮೆಟ್ಟಿಲಿಳಿದು ಹೋಗಿ, ನೆಲದ ಮೇಲೆ ಬಿದ್ದಿದ್ದ ಕೂದಲನ್ನು ಗುಡಿಸಿ ಒಂದೆಡೆ ರಾಶಿ ಮಾಡಿದ. ಮೂರು ಗಂಟೆಗೆ ಬರುತ್ತೇನೆಂದವನು ಬಾಗಿಲಲ್ಲಿ ನಿಂತಿದ್ದ. ಅವನನ್ನು ಕೂರಿಸಿ, ಕೊರಳಿಗೆ ಬಟ್ಟೆ ಸುತ್ತಿ, ಎಷ್ಟು ಗಿಡ್ಡ ಮಾಡಲಿ ಎಂದು ಕೇಳಿದ.