ಹುಳುಮನೆಯ ಮೈಲಿಗೆ

"ಒರಗಾಗಿದ್ದೋಳು ಒಳೀಕೆ ಯಾಕೇ ಬಂದೆ? ಬಾಯ್ಬುಡು!"

ಹೊಂಬಾಳಮ್ಮನ ಕೂಗಿಗೆ ಬೀದಿಯ ನಾಯಿಗಳೂ ಎದ್ದು ಕೂತವು. ತಟ್ಟೆಗಳ ತುಂಬ ರೇಷ್ಮೆಹುಳುಗಳು ತಲೆಯೆತ್ತಿ ಒದ್ದಾಡುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು. ನಾಳೆಯೋ ನಾಳಿದ್ದೋ ಗೂಡು ಕಟ್ಟಬೇಕಾಗಿದ್ದ ಹುಳುಗಳು.

ಆ ಊರಿನಲ್ಲಿ ಹುಳು ಸತ್ತರೆ ತಪ್ಪು ಹೆಂಗಸಿನದೇ. ಮುಟ್ಟಾದವಳು ಹುಳುಮನೆಗೆ ಕಾಲಿಟ್ಟಳು ಅಂದುಬಿಟ್ಟರೆ ಮುಗಿಯಿತು, ಬೇರೆ ವಿಚಾರಣೆಯೇ ಬೇಡ. ಎಷ್ಟು ಅನುಕೂಲದ ನ್ಯಾಯ!

ಸೊಸೆ ವೀಣ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಯನ್ನು ದೊಪ್ಪನೆ ನೆಲಕ್ಕೆ ಹಾಕಿದಳು. "ನಾನು ಒರಗಾಗಿ ಎರಡು ತಿಂಗ್ಳ ಮ್ಯಾಲಾಯ್ತು ಕಣತ್ತೆ. ಏಳಾಕೆ ಬುಟ್ರೆ ತಾನೆ ನೀವು!"

ಈ ಒಂದು ಮಾತು ಕೇಳಲೆಂದು ಹೊಂಬಾಳಮ್ಮ ಆರು ವರ್ಷದಿಂದ ಹೊರದ ಹರಕೆಯಿಲ್ಲ. ಈಗ ಕೇಳಿದ್ದು ಹೀಗೆ, ತಾನೇ ಬೈದು ಕಕ್ಕಿಸಿದ ಮೇಲೆ. ನಾಚಿಕೆಯಾಯಿತು. ಹಾಗಾದರೆ ಹುಳುಗಳಿಗೆ ಆದದ್ದೇನು ಎಂದು ಕುಕ್ಕೆಯಿಂದ ಒಂದು ಎಲೆ ಎತ್ತಿ ಮೂಸಿದಳು. ಘಾಟು ಮೂಗಿಗೆ ಹೊಡೆಯಿತು.

"ಎಲ್ಲಿ ಕುಯ್ದೆ ಈ ಸೊಪ್ಪ?"

"ಚಿಕ್ಕಮಾವನ ಸೌತೆಕಾಯಿ ಒಲದ ಪಕ್ಕದಲ್ಲಿ. ನೆನ್ನೆ ಅವ್ರು ಔಸ್ದಿ ಒಡೀತಿದ್ರು. ಗಾಳಿ ಇತ್ಲಾಗೇ ಬೀಸ್ತು, ನನ್ನ ಮೈಮ್ಯಾಲೂ ಬಿತ್ತು." ವೀಣ ದನಿ ತಗ್ಗಿಸಿದಳು. "ಅವ್ರೇ ಎರಡು ಕಾಯಿ ಕೊಟ್ರು. ಆಸೆಯಾಗಿ ಅಲ್ಲೇ ತಿಂದೆ."

ಹೊಂಬಾಳಮ್ಮ ಒಂದು ತಟ್ಟೆಯನ್ನು ಎತ್ತಿಕೊಂಡು ಹೊರಟೇಬಿಟ್ಟಳು. ವೀಣ ಹಿಂದೆಯೇ ಓಡಿದಳು.

ಸೌತೆಕಾಯಿ ಹೊಲದ ಬದಿಯಲ್ಲಿ ಮೈದುನ ಚಲುವರಾಜು ಮಂಡ್ಯ ಮಾರ್ಕೆಟ್ಟಿಗೆ ಹೋಗುವ ಟೆಂಪೋಗೆ ಸೌತೆಕಾಯಿ ಚೀಲ ಏರಿಸುತ್ತಿದ್ದ. ಹೊಂಬಾಳಮ್ಮ ಹುಳುಗಳನ್ನು ಅವನ ಕಾಲ ಬಳಿ ಸುರಿದಳು.

"ನೋಡ್ಲಾ, ನಿನ್ನ ಔಸ್ದಿ ಪ್ರತಾಪ!"

"ಉಳ ಅಂದ್ರೆ ನಾಜೂಕು ಕಣತ್ಗೆ, ಸೀನಿದ್ರೂ ಸಾಯ್ತವೆ. ನಿಮ್ಮನೇಲಿ ಎಂಗಸ್ರು ಮಡಿ ಮೈಲ್ಗೆ ನೋಡ್ಬೇಕಪ್ಪ."

"ಥೂ, ನಿನ್ನ ಬಾಯ್ಗೆ ಮಣ್ಣಾಕ! ಬಸ್ರಿ ಕಣ್ಲಾ ಅವಳು! ಅವಳ ಕೈಗೇ ಕೊಟ್ಟಿದ್ದೀಯಲ್ಲೋ ಈ ಕಾಯ!"

ಚಲುವರಾಜು ವೀಣಳ ಕಡೆ ನೋಡಿ, ಬೇಗ ಕಣ್ಣು ತೆಗೆದ. "ಮನ್ಸರಿಗೇನೂ ಆಗಾಕಿಲ್ಲ. ತೊಳ್ಕಂಡು ತಿಂದ್ರಾಯ್ತು."

ಹೊಂಬಾಳಮ್ಮ ಚೀಲಕ್ಕೆ ಕೈಹಾಕಿ ಒಂದು ಕಾಯಿ ತೆಗೆದು ಅವನ ಮೂತಿಗೇ ಹಿಡಿದಳು. "ತಿನ್ನು. ನನ್ನ ಕಣ್ಮುಂದೆ ತಿನ್ನು."

ಅವನು ಕಾಯಿಯನ್ನು ಕೈಗೆ ತೆಗೆದುಕೊಂಡ. ಪಂಚೆಗೆ ಒರೆಸಿದ. ಮತ್ತೊಮ್ಮೆ ಒರೆಸಿದ. "ಈಗ್ ತಾನೆ ಮುದ್ದೆ ಉಂಡೆ," ಎಂದು ಮೆಲ್ಲಗೆ ಚೀಲದೊಳಕ್ಕೆ ವಾಪಸು ಹಾಕಿದ.

ಟೆಂಪೋ ಓಡಿಸುವ ಶಿವರಾಜು ಇದನ್ನೆಲ್ಲ ನೋಡುತ್ತಿದ್ದ. ಸೀಟಿನ ಕೆಳಗಿಂದ ಒಂದು ಕವರು ಎಳೆದ. ತನ್ನ ಮನೆಗೆಂದು ಆರಿಸಿಟ್ಟುಕೊಂಡಿದ್ದ ಎಳೆಗಾಯಿಗಳು. ಅವನ್ನು ಬದುವಿನ ಮೇಲೆ ಸುರಿದ. ಆಮೇಲೆ ಚೀಲಗಳಿಗೆ ಹಗ್ಗ ಬಿಗಿದು ಗಾಡಿ ಸ್ಟಾರ್ಟು ಮಾಡಿದ.

"ನಿಲ್ಸಲಾ! ತಿನ್ನೋರೂ ಮನ್ಸರೇ ಕಣ್ಲಾ!" ಹೊಂಬಾಳಮ್ಮ ಹಿಂದೆ ಓಡಿದಳು. ಟೆಂಪೋ ನಿಲ್ಲಲಿಲ್ಲ.

ಏದುಸಿರು ಬಿಡುತ್ತ ತಿರುಗಿ ಬಂದವಳು ಸೊಸೆಯ ರಟ್ಟೆ ಹಿಡಿದು ಕಾಲುವೆಗೆ ಎಳೆದುಕೊಂಡು ಹೋದಳು. "ತೊಳಿ. ಮೊದ್ಲು ಕೈ ತೊಳಿ." ತಾನೇ ಬಗ್ಗಿ ಆ ಕೈಗಳನ್ನು ನೀರಿಗೆ ಅದ್ದಿ, ಮಣ್ಣು ಹಚ್ಚಿ ಉಜ್ಜತೊಡಗಿದಳು.

"ಅತ್ತೆ," ಅಂದಳು ವೀಣ. "ಅಲ್ನೋಡಿ."

ಸ್ವಲ್ಪ ಮೇಲುಗಡೆ ಚಲುವರಾಜುವಿನ ಆಳು ಅಂಕಯ್ಯ ಔಷಧಿ ಹೊಡೆಯುವ ಕ್ಯಾನನ್ನು ಅದೇ ಕಾಲುವೆಯಲ್ಲಿ ಮುಳುಗಿಸಿ ತೊಳೆಯುತ್ತಿದ್ದ. ಬಿಳಿ ನೊರೆ ಇವರ ಕಡೆಗೇ ತೇಲಿ ಬರುತ್ತಿತ್ತು.

ಹೊಂಬಾಳಮ್ಮ ಸೊಸೆಯ ಕೈಗಳನ್ನು ಸರಕ್ಕನೆ ನೀರಿನಿಂದ ಮೇಲಕ್ಕೆಳೆದಳು. ದಡದಲ್ಲೇ ಕುಕ್ಕರಿಸಿ, ಸೆರಗಿನ ಒಣ ತುದಿ ಹುಡುಕಿ, ಒಂದೊಂದೇ ಬೆರಳನ್ನು ಒರೆಸತೊಡಗಿದಳು.