ಚಾದರದ ಮೇಲೆ ಕಂಡ ಊರು

ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಲ್ಯಾಣಪ್ಪನ ರಿಪೇರಿ ಅಂಗಡಿ. ಮೂವತ್ತೆಂಟು ವರ್ಷ ಅಲ್ಲಿಯೇ ಕೂತು ಅವನು ಊರ ಮಂದಿಯ ರೇಡಿಯೋ, ಟೀವಿ, ಇನ್ವರ್ಟರು, ಈಚೆಗೆ ಮೊಬೈಲು, ಎಲ್ಲವುಗಳ ಹೊಟ್ಟೆ ಬಿಚ್ಚಿದ್ದ. ಬಿಚ್ಚಿದಾಗಲೆಲ್ಲ ಒಂದು ಕ್ಷಣ ಕೈ ತಡೆದು ನೋಡುವುದು ಅವನ ರೂಢಿ. ಕೂದಲೆಳೆಯಂಥ ತಂತಿ, ಸಾಸಿವೆಗಿಂತ ಸಣ್ಣ ಬಿಡಿಭಾಗ. ಇಷ್ಟರೊಳಗೇ ಎಲ್ಲಿಯೋ ಇರುವವರ ದನಿ ಬಂದು ಕೂರುತ್ತದಲ್ಲ ಎಂಬ ಬೆರಗು ಅವನಿಗೆ ಐವತ್ತೆಂಟಾದರೂ ಹೋಗಿರಲಿಲ್ಲ. ಆದರೆ ಕೆಟ್ಟು ಮೂಲೆಗೆ ಬಿದ್ದದ್ದರ ಕಡೆಗೆ ಅವನು ತಿರುಗಿ ನೋಡುತ್ತಿರಲಿಲ್ಲ. ವಾರಕ್ಕೊಮ್ಮೆ ಕುಂಭಾರಿಯ ಗೊಲ್ಲಾಳಪ್ಪ ಎಂಬ ಭಂಗಾರದವನು, ಅಂದರೆ ಗುಜರಿಯವನು, ಮೂರು ಗಾಲಿಯ ಟಂಟಂ ಗಾಡಿ ತಂದು ಎಲ್ಲವನ್ನೂ ತುಂಬಿಕೊಂಡು ಹೋಗುತ್ತಿದ್ದ. ಮೂಲೆ ಖಾಲಿಯಾದರೆ ಕಲ್ಯಾಣಪ್ಪನಿಗೆ ಅಷ್ಟೇ ಸಾಕಿತ್ತು.

ಚೈತ್ರದ ಒಂದು ಬೆಳಿಗ್ಗೆ, ಊರ ಗುಡಿಗೆ ದರ್ಶನಕ್ಕೆ ಬಂದ ಯಾರದೋ ಫೋನಿಗೆ ಗಾಜು ಕೂರಿಸುತ್ತಿದ್ದಾಗ, ಕಂಬಳಿ ಹೊದ್ದ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಐವತ್ತರ ಆಸುಪಾಸು. ಬಿಸಿಲಿಗೆ ಸುಟ್ಟ ಮುಖ, ಕಾಲು ಮೊಣಕಾಲಿನವರೆಗೂ ಧೂಳು.

"ಕಲ್ಯಾಣಪ್ಪ ಅನ್ನಾವ್ರು ನೀವ ಏನ್ರಿ?"

"ಹೌದ್ರಿ ಯವ್ವಾ. ಕುಂದರ್ರಿ. ಏನ್ ಕೆಟ್ಟದ?"

ಅವಳು ಕೂರಲಿಲ್ಲ. ಕಂಬಳಿಯ ಗಂಟು ಬಿಚ್ಚಿ ಒಳಗಿದ್ದದ್ದನ್ನು ಮೇಜಿನ ಮೇಲೆ ಇಟ್ಟಳು. ಒಡೆದ ಬ್ಯಾಟರಿಯ ಕರಿ ಡಬ್ಬಿಯ ಒಂದು ಮಗ್ಗುಲು, ಬೂದಿ ಬಣ್ಣದ ಪುಡಿ ಅಂಟಿದ ಸೀಸದ ಜಾಲರಿ, ಅರ್ಧ ಸುಟ್ಟ ಸರ್ಕಿಟ್ಟಿನ ಹಸಿರು ಹಲಗೆ. ಡಬ್ಬಿಯ ಮೇಲೆ ಅವನ ಅಂಗಡಿಯ ಚೀಟಿ ಅಂಟಿತ್ತು. ಹೆಸರು, ಊರು, ಫೋನ್ ನಂಬರು, ಎಲ್ಲ ಸರಿಯಾಗಿ ಓದಲು ಬರುತ್ತಿದ್ದವು.

"ನನಗ ಓದಾಕ ಬರಾಂಗಿಲ್ರಿ. ದನದ ದವಾಖಾನಿ ಛಾಯಾಬಾಯಾರು ಓದಿ ಹೇಳಿದ್ರು. ನಾನು ಗಂಗುಬಾಯಿ ಅಂತ, ಕುಂಭಾರಿ ಆಚೆ ಕುರುಬರ ವಸ್ತಿಯಾಕಿ. ನನ್ನ ಐದು ಕುರಿ ಸತ್ತಾವ್ರಿ, ಅಣ್ಣಾರ. ಹಳ್ಳದಾಗ ಇವನ್ನ ನೆಕ್ಕಿ ಸತ್ತಾವು."

ಅವಳು ಬೈಯಲಿಲ್ಲ, ಅಳಲಿಲ್ಲ. ಹಾದಿ ಕೇಳುವವರ ಹಾಗೆ ಹೇಳಿದಳು. ಕಲ್ಯಾಣಪ್ಪನಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ಇದನ್ನ ಭಂಗಾರದಾಂವ ಒಯ್ದಾನ, ಅವನ್ನ ಕೇಳು" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಚೀಟಿಯನ್ನು ಎಷ್ಟು ನೀಟಾಗಿ ಅಂಟಿಸಿದ್ದೆನಲ್ಲ ಎಂದು ಅನಿಸಿ ಆ ಮಾತನ್ನು ನುಂಗಿದ.

"ಇದು ನಂದ ಅದ, ಯವ್ವಾ," ಎಂದ. "ನಡೀರಿ, ಎಲ್ಲಿ ಬಿದ್ದಾವ ತೋರಸ್ರಿ."

ಗಿರಾಕಿಯ ಫೋನನ್ನು ಪಕ್ಕದ ಅಂಗಡಿಯಲ್ಲಿ ಇಟ್ಟು, ಬಾಗಿಲು ಎಳೆದು, ಸೊಲ್ಲಾಪುರದ ಎಸ್‌ಟಿ ಬಸ್ಸಿನಲ್ಲಿ ಅವಳ ಸಂಗಡ ಹೊರಟ. ಕುಂಭಾರಿಯಲ್ಲಿ ಇಳಿದು ಜೋಳದ ಕೂಳೆಯ ಹೊಲಗಳ ನಡುವೆ ಅರ್ಧ ತಾಸು ನಡೆದರೆ ಹಳ್ಳ. ಬೇಸಿಗೆಗೆ ಬತ್ತಿ, ಮಡುವಿನಲ್ಲಷ್ಟೇ ನೀರಿತ್ತು. ಆ ಮಡುವಿನ ದಂಡೆಯಲ್ಲಿ ಇಪ್ಪತ್ತು ಹೆಜ್ಜೆ ಉದ್ದಕ್ಕೆ ಹುಲ್ಲಿನ ಒಂದು ಎಸಳೂ ಇಲ್ಲ. ನೆಲ ಕಾಡಿಗೆಯಂತೆ ಕಪ್ಪು. ತಾಮ್ರಕ್ಕಾಗಿ ಸುಟ್ಟ ವೈರಿನ ಸಿಪ್ಪೆ ಉಂಡೆ ಉಂಡೆಯಾಗಿ ಬಿದ್ದಿತ್ತು. ಒಡೆದ ಬ್ಯಾಟರಿಗಳು, ಟೀವಿಯ ಗಾಜು, ಸಿಡಿದ ಹಲಗೆಗಳು. ಕಲ್ಯಾಣಪ್ಪ ಅವುಗಳ ನಡುವೆ ನಿಂತು ಒಂದೊಂದನ್ನೂ ಗುರುತು ಹಿಡಿದ. ಇದು ಕಸ್ತೂರಬಾಯಿ ಟೀಚರ ಟೀವಿ. ಇದು ಹಿಟ್ಟಿನ ಗಿರಣಿಯವರ ಇನ್ವರ್ಟರು. ಎಷ್ಟೋ ಸಲ ತಾನೇ ಬದುಕಿಸಿ ಕಳಿಸಿದಂಥವು, ಕಡೆಗೆ ತಾನೇ ಕೈ ಬಿಟ್ಟಂಥವು.

ಗಂಗುಬಾಯಿಯ ಹಟ್ಟಿಯಲ್ಲಿ ಡಾಕ್ಟರ್ ಛಾಯಾ ಕಾಯುತ್ತಿದ್ದಳು. ಅವಳ ಮುಂದೆ ಒಂದು ಕುರಿ ನಿಂತಿತ್ತು. ಕಣ್ಣು ತೆರೆದೇ ಇದ್ದವು, ಹೊಳೆಯುತ್ತಲೂ ಇದ್ದವು, ಆದರೆ ಅದು ಹಟ್ಟಿಯ ಗೋಡೆಗೆ ಹಣೆ ಒತ್ತಿ ನಿಂತಿತ್ತು. ಹಿಂದಿನಿಂದ ಅದರ ಮರಿ ಒಮ್ಮೆ ಕೂಗಿದಾಗ ಮಾತ್ರ ಕಿವಿ ತಿರುಗಿಸಿ, ದನಿಯ ದಿಕ್ಕಿಗೆ ತಡವರಿಸುತ್ತ ಬಂತು.

"ಸೀಸಾ ಹೊಟ್ಟಿಗಿ ಹೋದ್ರ ಮೊದಲ ಕಣ್ಣ ಹೋಗ್ತಾವ್ರಿ," ಎಂದಳು ಛಾಯಾ. "ಇದೊಂದು ಔಷಧಕ್ಕ ಉಳಿದದ. ಆ ಪುಡಿ ಸಿಹಿ-ಉಪ್ಪು ರುಚಿ ಇರತದ, ಆಸೇಕ ನೆಕ್ಕತಾವು. ಒಂದ ಕುರಿ ಸಾಯಾಕ ಎರಡ ಚಮಚಾ ಸಾಕು."

"ಎರಡ ಚಮಚಾ?"

"ಹೌದ್ರಿ. ಆ ಮಡುವಿನ ನೀರು ಮಂದೀನೂ ಕುಡೀತಾರ."

ಕಲ್ಯಾಣಪ್ಪ ಕುರಿಯ ಕಣ್ಣ ಮುಂದೆ ಬೆರಳಾಡಿಸಿ ನೋಡಿದ; ರೆಪ್ಪೆ ಮಿಟುಕಲಿಲ್ಲ. ಕರೆಂಟು ಹೋದಾಗ ಐದು ವರ್ಷ ಒಂದು ಮನೆಗೆ ಬೆಳಕು ಕೊಟ್ಟ ವಸ್ತು, ಡಬ್ಬಿ ಒಡೆದ ಮೇಲೆ ಎರಡು ಚಮಚದಲ್ಲಿ ಒಂದು ಜೀವದ ಕಣ್ಣು ತೆಗೆಯುತ್ತದೆ. ಯಾವುದನ್ನು ಇಷ್ಟು ವರ್ಷ ಬೆರಗಿನಿಂದ ನೋಡಿದ್ದೆನೋ ಅದರ ಅರ್ಧ ಮುಖವನ್ನಷ್ಟೇ ನೋಡಿದ್ದೆ ಎಂದು ಅವನಿಗೆ ಈಗ ತಿಳಿಯಿತು.

"ಏನ ಮಾಡ್ಲಿ ಹೇಳ ಯವ್ವಾ," ಎಂದ ಗಂಗುಬಾಯಿಗೆ. "ಕುರೀದು ರೊಕ್ಕಾ ಭರ್ತಿ ಮಾಡ್ತೀನಿ."

"ಕುರಿ ಮತ್ತ ಈಯತಾವ್ರಿ. ಈ ಹಳ್ಳದಾಗ ಇನ್ನ ಯಾರೂ ಹಾಕಬಾರ್ದು. ಅದನ್ನ ಮಾಡ್ರಿ."

ಮರಳುವಾಗ ಗೊಲ್ಲಾಳಪ್ಪನ ಗುಡಿಸಲಿಗೆ ಹೋದ. ಭಂಗಾರದವನು ಕೆಮ್ಮುತ್ತ ಹೊರಗೆ ಬಂದ. ಬೆರಳುಗಳ ತುದಿ ಆ್ಯಸಿಡ್ಡಿಗೆ ಬಿಳಿಚಿದ್ದವು. ಕಲ್ಯಾಣಪ್ಪ ದನಿ ಏರಿಸುವಷ್ಟರಲ್ಲೇ ಅವನು ಮೆತ್ತಗೆ ಹೇಳಿದ:

"ನೀವು ಒಯ್ಯಿ ಅಂದ್ರಿ, ನಾ ಒಯ್ದೆ. ಎಲ್ಲಿ ಒಯ್ತಿ, ಏನ ಮಾಡ್ತಿ ಅಂತ ಇಪ್ಪತ್ತ ವರ್ಷದಾಗ ಒಂದ ಸಲಾನೂ ಕೇಳಿಲ್ಲ ಮಾಮಾ ನೀವು. ನನಗರ ಬ್ಯಾರೆ ಜಾಗಾ ಯಾರು ತೋರಿಸ್ಯಾರ?"

ಕಲ್ಯಾಣಪ್ಪ ತಿರುಗಿ ಹಟ್ಟಿಗೆ ನಡೆದು ಅದೇ ಪ್ರಶ್ನೆಯನ್ನು ಛಾಯಾಳಿಗೆ ಕೇಳಿದ.

ಬೇರೆ ಜಾಗವನ್ನು ತೋರಿಸಿದವಳು ಛಾಯಾ. ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಟವೆಲು ನೇಯುವ ಮಗ್ಗಗಳ ಸದ್ದು ದಾಟಿ ಒಳಗೆ ಹೋದರೆ, ಇಂಥ ಕಸವನ್ನೇ ಬಿಡಿಸುವ ಸಣ್ಣ ಕಾರ್ಖಾನೆ ಇತ್ತು. ಮರುದಿನ ಕಲ್ಯಾಣಪ್ಪ ಗೊಲ್ಲಾಳಪ್ಪನನ್ನೂ ಕರೆದುಕೊಂಡು ಅಲ್ಲಿಗೆ ಹೋದ. ಸಿದ್ಧೇಶ್ವರ ಎಂಬ ಮ್ಯಾನೇಜರು ಇಬ್ಬರ ಮುಖಕ್ಕೂ ಮಾಸ್ಕು ಕಟ್ಟಿಸಿ ಒಳಗೆ ಬಿಟ್ಟ.

ಉದ್ದನೆಯ ಮೇಜುಗಳಲ್ಲಿ ಹೆಂಗಸರು ಕೈಗವಸು ಹಾಕಿಕೊಂಡು ಕಂಪ್ಯೂಟರುಗಳನ್ನು ಬಿಚ್ಚುತ್ತಿದ್ದರು. ಕಲ್ಯಾಣಪ್ಪ ಒಬ್ಬೊಬ್ಬರ ಕೈಯನ್ನೂ ಗಮನಿಸಿದ. ಸ್ಕ್ರೂ ಹಿಡಿಯುವ ರೀತಿ ತನ್ನದೇ. ಬ್ಯಾಟರಿಗಳನ್ನು ಮೊದಲೇ ತೆಗೆದು, ಬೆಂಕಿ ಹತ್ತದಂತೆ ಮರಳಿನ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದರು. ಉಳಿದದ್ದು ಒಂದು ಯಂತ್ರದ ಬಾಯಿಗೆ ಹೋಗಿ ಚೂರಾಗಿ, ಓಡುವ ರಬ್ಬರ್ ಪಟ್ಟೆಯ ಮೇಲೆ ಬರುತ್ತಿತ್ತು. ಅಯಸ್ಕಾಂತವೊಂದು ಕಬ್ಬಿಣವನ್ನು ಹೆಕ್ಕಿಕೊಂಡಿತು. ಅದು ಅವನಿಗೆ ಗೊತ್ತಿದ್ದದ್ದೇ. ಮುಂದೆ ಪಟ್ಟೆಯ ಕೊನೆಯಲ್ಲಿ ಆದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಪ್ಲಾಸ್ಟಿಕ್ ಚೂರುಗಳು ಸುಮ್ಮನೆ ಕೆಳಗೆ ಬಿದ್ದವು. ಅಲ್ಯುಮಿನಿಯಂ ಚೂರುಗಳು ಮಾತ್ರ, ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಮಿಡತೆಗಳ ಹಿಂಡಿನಂತೆ ಜಿಗಿಜಿಗಿದು ಆಚೆಯ ಪೆಟ್ಟಿಗೆಗೆ ತಾವೇ ಹೋಗಿ ಬಿದ್ದವು.

"ಯಪ್ಪಾ!" ಎಂದ ಗೊಲ್ಲಾಳಪ್ಪ. "ಜೀವ ಅದ ಏನ್ರಿ ಅದಕ್ಕ?"

"ಕೆಳಗ ಅಯಸ್ಕಾಂತ ಗರಗರ ತಿರಗತದ. ಅದಕ್ಕ ಅಲ್ಯುಮಿನಿಯಂದಾಗ ಕರೆಂಟ್ ಹುಟ್ಟಿ, ಅದು ಒದ್ದಂಗ ಹಾರತದ," ಎಂದು ಸಿದ್ಧೇಶ್ವರ ನಕ್ಕ. ಕಲ್ಯಾಣಪ್ಪ ಅರ್ಧ ತಾಸು ಅಲ್ಲಿಂದ ಕದಲಲಿಲ್ಲ. ತಾವು ಸುಟ್ಟು, ಒಡೆದು, ಕೆಮ್ಮಿ ತೆಗೆಯುತ್ತಿದ್ದದ್ದು ಇಲ್ಲಿ ತಾನಾಗಿಯೇ ಬೇರೆಯಾಗಿ, ಮತ್ತೊಂದು ವಸ್ತುವಾಗಲು ಸಿದ್ಧವಾಗಿ ಕೂರುತ್ತಿತ್ತು.

"ಮಷೀನ್ ವಾರಕ್ಕ ಮೂರ ದಿನಾ ಖಾಲಿ ಇರತದ್ರಿ," ಎಂದ ಸಿದ್ಧೇಶ್ವರ. "ಮಾಲ ಬರಾಂಗಿಲ್ಲ. ಎಲ್ಲಾ ಮಂದಿ ಮನಿಯೊಳಗ ಅಟ್ಟದ ಮ್ಯಾಲ ಅದ, ಇಲ್ಲಾ ಹಳ್ಳದಾಗ ಅದ. ನೀವು ಊರೂರಿಗಿ ಹೇಳ್ರಿ, ತರಾಕ ನಮ್ಮ ಟೆಂಪೋ ಕಳಸ್ತೀನಿ."

ಹೇಳುವುದು ಸುಲಭ ಎಂದುಕೊಂಡಿದ್ದ ಕಲ್ಯಾಣಪ್ಪ. ಗಂಗುಬಾಯಿಯ ವಸ್ತಿಯಲ್ಲಿ, ಕುರುಬರ ದೇವರಾದ ಬೀರೋಬಾನ ಗುಡಿಯ ಮುಂದೆ ಮಂದಿಯನ್ನು ಕೂಡಿಸಿ, ಸೀಸ, ಪಾದರಸ, ಅದರ ರೋಗ, ಇದರ ಕಾಯ್ದೆ ಎಂದು ಕಾಗದ ನೋಡಿ ಓದಿದ. ಹಿರಿಯರು ಎಲೆ ಅಡಿಕೆ ಹಾಕಿಕೊಂಡರು. ಹುಡುಗರು ಫೋನು ನೋಡಿದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಹಟ್ಟಿಗೆ ಕುರಿ ಬಂದವೆಂದು ಅರ್ಧ ಮಂದಿ ಎದ್ದು ಹೋದರು. ಅವನು ಕಾಗದ ಮಡಚಿ ಕಟ್ಟೆಯ ಮೇಲೆ ಕೂತ.

ಗಂಗುಬಾಯಿ ನೀರು ತಂದುಕೊಟ್ಟಳು. "ಅಣ್ಣಾರ, ನೀವು ಮೊನ್ನಿ ಆ ಕಾರ್ಖಾನಿ ಸುದ್ದಿ ನನಗ ಹೇಳೂ ಮುಂದ ನಿಮ್ಮ ಕಣ್ಣ ಹೆಂಗ ಹೊಳೀತಿದ್ವು. ಇವತ್ತ ಹಂಗ ಇರಲಿಲ್ಲ. ನಮಗ ಓದಿ ಹೇಳಬ್ಯಾಡ್ರಿ. ನೀವು ಏನ ನೋಡೀರಿ, ಅದನ್ನ ನಮಗೂ ತೋರಸ್ರಿ."

ಆ ಮಾತನ್ನು ಅವನು ಮನೆಯವರೆಗೂ ಹೊತ್ತುಕೊಂಡು ಬಂದ. ಊಟಕ್ಕೆ ಕೂತಾಗ ಹೆಂಡತಿ ಅಕ್ಕನಾಗಮ್ಮನಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಂಗಡ್ಯಾಗ ಮೊಬೈಲ ದೊಡ್ಡದು ಮಾಡಿ ನೋಡೂ ದುರ್ಬೀನ ಅದಲ್ಲ, ಅದು ಟೀವಿಗೂ ಹತ್ತತದ ಅಂದಿದ್ರಿ," ಎಂದಳು. "ಹುಡುಗರ ಸಾಲಿಯೊಳಗ ಪ್ರೊಜೆಕ್ಟರ್ ಅದ. ಚಾದರ ನಾ ಕೊಡ್ತೀನಿ."

ಮುಂದಿನ ವಾರ ದೀಪ ಹಚ್ಚುವ ಹೊತ್ತಿಗೆ ಅದೇ ಗುಡಿಯ ಮುಂದೆ, ಎರಡು ಬೇವಿನ ಮರಗಳ ನಡುವೆ, ಅಕ್ಕನಾಗಮ್ಮ ತನ್ನ ಪೆಟ್ಟಿಗೆಯಲ್ಲಿದ್ದ ಹೊಸ ಬಿಳಿ ಚಾದರವನ್ನು ಎಳೆದು ಕಟ್ಟಿದಳು. ಕಲ್ಯಾಣಪ್ಪ ಒಂದು ಸತ್ತ ಮೊಬೈಲನ್ನು ಎಲ್ಲರೆದುರು ಬಿಚ್ಚಿ, ಬ್ಯಾಟರಿ ತೆಗೆದು ಮರಳಲ್ಲಿಟ್ಟು, ಉಗುರಗಲದ ಹಲಗೆಯನ್ನು, ಪ್ರೊಜೆಕ್ಟರಿಗೆ ಹಚ್ಚಿದ ಅಂಗಡಿಯ ಸೂಕ್ಷ್ಮದರ್ಶಕದ ಕೆಳಗೆ ಇರಿಸಿದ.

ಚಾದರದ ಮೇಲೆ ಬೆಳಕು ಮೂಡಿತು. ಬಂಗಾರದ ಹಾದಿಗಳು ಒಂದರ ಪಕ್ಕ ಒಂದು ಓಡಿ, ತಿರುವಿನಲ್ಲಿ ಹೊರಳಿ, ಕಪ್ಪು ಚೌಕಗಳ ಸುತ್ತ ಕೂಡಿ ಮತ್ತೆ ಅಗಲಿದವು. ಚೌಕಗಳ ಸಾಲು, ಬೆಳ್ಳಿಯ ಚುಕ್ಕಿಗಳ ಸಾಲು, ಅವುಗಳ ನಡುವೆ ಹಸಿರು ಬಯಲು. ಹಿಂದೆ ಕೂತವರು ಎದ್ದು ಮುಂದೆ ಬಂದರು. ಬೇವಿನ ಎಲೆ ಅಲ್ಲಾಡಿ ಚಾದರ ಮೆಲ್ಲಗೆ ಉಬ್ಬಿದಾಗ ಆ ಹಾದಿಗಳೆಲ್ಲ ಉಸಿರಾಡಿದಂತೆ ಕಂಡವು.

ಗಂಗುಬಾಯಿಯ ಮಾವ, ಎಂಬತ್ತು ದಾಟಿದ ಹಣಮಂತಪ್ಪ, ಕೋಲೂರಿ ಎದ್ದು ಚಾದರದ ಹತ್ತಿರ ಹೋದ. ಬೆರಳಿನಿಂದ ಒಂದು ಹಾದಿಯನ್ನು ಹಿಡಿದು ನಡೆದ.

"ಇದು ಯಾವ ಊರೋ ತಮ್ಮಾ?"

ಯಾರೂ ನಗಲಿಲ್ಲ.

"ಊರಲ್ರಿ ಅಪ್ಪಾ, ನಮ್ಮ ಕಿಸೇದಾಗಿನ ಫೋನ," ಎಂದ ಕಲ್ಯಾಣಪ್ಪ. "ಈ ಹಾದಿ ತಾಮ್ರದ್ದು. ಮ್ಯಾಲ ಹೊಳಿಯೂದು ಬಂಗಾರ. ಇದನ್ನ ಭೂಮಿ ತಾಯಿ ಹೊಟ್ಟಿ ಬಗದು ತಗದಾರ, ಸಾವಿರ ಕೈ ದಾಟಿ ಬಂದದ. ನಾವು ಏನ ಮಾಡೀವಿ? ಬೆಂಕಿ ಹಚ್ಚೀವಿ. ಹಳ್ಳಕ್ಕ ಒಗದೀವಿ. ಒಗದಾಂವ ನಾನೂ ಒಬ್ಬ."

ಆಗ ಗಂಗುಬಾಯಿ ತನ್ನ ಕುರುಡು ಕುರಿಯನ್ನು ತಂದು ಬೆಳಕಿನ ಎದುರು ಬಿಟ್ಟಳು. ಅದು ಆ ಝಗಝಗಿಸುವ ಊರನ್ನು ನೋಡದೆ, ನೇರ ಹೋಗಿ ಮರದ ಬೊಡ್ಡೆಗೆ ಹಣೆ ಕೊಟ್ಟು ನಿಂತಿತು. "ಹಳ್ಳದಾಗ ಹಾಕಿದ್ರ ಹಿಂಗ ಆಗ್ತದ," ಎಂದಳು. ಅಷ್ಟೇ ಹೇಳಿ ಕುರಿಯನ್ನು ತೋಳಲ್ಲಿ ಹಿಡಿದು ಕೂತಳು.

ಮರುದಿನ ಮುಂಜಾನೆಯೇ ಗುಡಿಯ ಕಟ್ಟೆಗೆ ವಸ್ತುಗಳು ಬರತೊಡಗಿದವು. ಉಬ್ಬಿದ ಫೋನು, ಸುಟ್ಟ ಮಿಕ್ಸರು, ತೀರಿಹೋದ ಗಂಡ ಕೇಳುತ್ತಿದ್ದ ರೇಡಿಯೋ, ಹೊಲದ ಮೋಟಾರಿನ ಸ್ಟಾರ್ಟರು. ಟ್ಯೂಬ್‌ಲೈಟುಗಳನ್ನು ಹಳೆಯ ಸೀರೆಯಲ್ಲಿ ಎಳೆಗೂಸಿನಂತೆ ಸುತ್ತಿ ತಂದರು. ಪಕ್ಕದ ಊರಿನವರು ತಮಗೂ ಚಾದರ ಕಟ್ಟಿ ತೋರಿಸಬೇಕೆಂದರು. ಕಲ್ಯಾಣಪ್ಪ ವಾರಕ್ಕೆ ಎರಡು ಸಂಜೆ ಅಂಗಡಿ ಮುಚ್ಚಿ ಹೋಗತೊಡಗಿದ. ಗೊಲ್ಲಾಳಪ್ಪ ಒಡೆಯುವುದನ್ನು ಬಿಟ್ಟು, ಕೈಗವಸು ಹಾಕಿಕೊಂಡು, ಮನೆಮನೆಯಿಂದ ಎತ್ತಿ ತರುವ ಕೆಲಸ ಹಿಡಿದ. ಹಳ್ಳದ ಕಪ್ಪು ಮಣ್ಣನ್ನು ಛಾಯಾ ತಾಲೂಕು ಕಚೇರಿಯವರ ಬೆನ್ನು ಹತ್ತಿ ಅಗೆಸಿ ಸಾಗಿಸಿದಳು. ಅಲ್ಲಿ ಹುಲ್ಲು ಬರಲು ವರ್ಷಗಳೇ ಬೇಕೆಂದಳು. ಗಂಗುಬಾಯಿ ಸುತ್ತ ಬೇಲಿ ಕಟ್ಟಿ, ಕುರಿಗಳನ್ನು ಆಚೆಯ ದಿಣ್ಣೆಗೆ ಹೊಡೆದಳು. ಕುರುಡು ಕುರಿ ಮರಿಯ ದನಿ ಹಿಡಿದೇ ಹಿಂಡಿನ ಸಂಗಡ ನಡೆಯುವುದನ್ನು ಕಲಿತಿತು.

ಮಳೆಗಾಲಕ್ಕೆ ಮೊದಲು ಎರಡು ಟೆಂಪೋ ತುಂಬಿದವು. ಗಂಗುಬಾಯಿಯೂ ವಸ್ತಿಯ ನಾಲ್ಕು ಹೆಂಗಸರೂ ಏರಿ ಕೂತು ಸೊಲ್ಲಾಪುರಕ್ಕೆ ಹೋದರು. ಅಲ್ಯುಮಿನಿಯಂ ಜಿಗಿಯುವುದನ್ನು ನೋಡಿ ಗಂಗುಬಾಯಿ ಬಾಯಿಗೆ ಸೆರಗು ಹಿಡಿದಳು. ಬಳಿಕ, "ಇನ್ನೊಮ್ಮಿ ಮಾಡ್ರಿ," ಎಂದಳು. ಸಿದ್ಧೇಶ್ವರ ಇನ್ನೊಮ್ಮೆ ಸುರಿಸಿದ.

ಸಂಜೆ ಖಾಲಿ ಟೆಂಪೋಗಳಲ್ಲಿ ಮರಳುವಾಗ ಕುಂಭಾರಿಯ ಹೊರಗೆ ಡ್ರೈವರು ಗಾಡಿ ನಿಧಾನ ಮಾಡಿದ. ಕಲ್ಯಾಣಪ್ಪ ಮುಂದೆ ಬಾಗಿ ನೋಡಿದ. ರಸ್ತೆಯ ಎರಡೂ ಬದಿಗೆ, ಮನೆಗಳ ಮುಂದೆ, ಮಂದಿ ನಿಂತಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ಸಾರಿರಲಿಲ್ಲ. ಒಬ್ಬಳ ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಒಬ್ಬನ ಹೆಗಲ ಮೇಲೆ ಟೀವಿ, ಒಂದು ಮುದುಕಿಯ ಮಡಿಲಲ್ಲಿ ಮೂರು ಟಾರ್ಚು. ಇಳಿಬಿಸಿಲು ಅವುಗಳ ಗಾಜಿಗೆ, ತಗಡಿಗೆ ತಾಗಿ ಸಾಲಿನುದ್ದಕ್ಕೂ ಹೊಳೆಯಿತು. ಸಾಲು ಎಲ್ಲಿ ಮುಗಿಯುತ್ತದೆಂದು ಅವನಿಗೆ ಕಾಣಿಸಲಿಲ್ಲ.

"ಗಾಡಿ ನಿಂದರಸ್ರಿ," ಎಂದಳು ಗಂಗುಬಾಯಿ, ಆಗಲೇ ಇಳಿಯಲು ಕಂಬಳಿ ಸರಿಪಡಿಸಿಕೊಳ್ಳುತ್ತ. "ಮಂದಿ ನಿಂತಾರ."