ರಬ್ಬರಿನ ಪುಡಿ

ಎರಡೂ ಹೆಬ್ಬೆರಳು ಊರಿ ಒತ್ತಿದರೂ ಟಕ್ ಎನ್ನುವ ಸದ್ದು ಬರಲಿಲ್ಲ. ಚಂದ್ರಾಮ ರ‍್ಯಾಮನ್ನು ಹೊರಗೆಳೆದು, ಕಿಟಕಿಯ ಬೆಳಕಿಗೆ ಹಿಡಿದು, ಆ ಕಂಪ್ಯೂಟರ್ ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿದ. ಆಗಷ್ಟೇ ಪೊಟ್ಟಣ ಒಡೆದ ಹೊಸ ಸಾಮಾನು. ಆದರೂ ರೂಢಿ ಎಲ್ಲಿ ಬಿಡುತ್ತದೆ, ಬಾಯಿಂದ ಬಂದದ್ದು ಹಳೆಯ ಮಾತೇ.

"ಸಾಕ್ಷಿ, ರಬ್ಬರ್ ತಾರವಾ. ಧೂಳ ಕುಂತಿರಬೇಕು."

ಮಗಳು ಎದ್ದು ಹೋಗಿ ಅರ್ಧ ಸವೆದ ರಬ್ಬರ್ ತಂದಳು. ಆಲಮಟ್ಟಿಯ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ ಹುಡುಗಿ, ಮನೆಯಲ್ಲಿ ಗೇಮ್ ಆಡಲಿಕ್ಕೆಂದೇ ಈ ಕಂಪ್ಯೂಟರ್ ಕಟ್ಟುತ್ತಿದ್ದಳು. ಒಂದೊಂದು ಸಾಮಾನನ್ನೂ ತಾನೇ ಆರಿಸಿದ್ದಳು, ರ‍್ಯಾಮ್ ಒಂದನ್ನು ಬಿಟ್ಟು. "ಅದನ್ನ ನೀನ ಆರಿಸಿ ತಾ ಅಪ್ಪಾ. ನಿನ್ನಷ್ಟ ಯಾರಿಗಿ ಗೊತ್ತೈತಿ," ಅಂದಿದ್ದಳು. ಆ ಮಾತು ಕೇಳಿದ ದಿನ ಚಂದ್ರಾಮ ಒಂದು ರೊಟ್ಟಿ ಹೆಚ್ಚಿಗೇ ಉಂಡಿದ್ದ.

ಉಣ್ಣದೆ ಏನು ಮಾಡಿಯಾನು! ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ಎಂದರೆ ಚಂದ್ರಾಮ ಎನ್ನುವ ಕಾಲವೊಂದಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಅವನ ಸೈಬರ್ ಕೆಫೆ. ಸಾಲಿ ಬಿಟ್ಟ ಮೇಲೆ ಹುಡುಗರು ಚಪ್ಪಲಿ ಹೊರಗೆ ಬಿಟ್ಟು, ಪಾಳಿ ಹಚ್ಚಿ ನಿಂತು ಕಾರ್ ರೇಸ್ ಆಡುತ್ತಿದ್ದರು. ಯಾವುದಾದರೂ ಮಷೀನು ಪೀಂ ಪೀಂ ಎಂದು ಹಟ ಹಿಡಿದರೆ ಚಂದ್ರಾಮ ಅದರ ರ‍್ಯಾಮ್ ಬಿಚ್ಚಿ ಕೌಂಟರಿನತ್ತ ಚಾಚುವನು. ಸ್ಟೂಲಿನ ಮೇಲೆ ಕುಳಿತ ಪುಟ್ಟ ಸಾಕ್ಷಿ ತನ್ನ ಕಂಪಾಸಿನ ರಬ್ಬರಿನಿಂದ ಹಲ್ಲು ತಿಕ್ಕಿ, ಪುಡಿಯನ್ನು ಉಫ್ ಎಂದು ಊದಿ ವಾಪಸು ಕೊಡುವಳು. ಹಾಕಿದರೆ ಟಕ್. ಹುಡುಗರೆಲ್ಲ ಹೋ ಎನ್ನುವರು. ಅಂಥ ಸಂಜೆಗಳು ಮತ್ತೆಲ್ಲಿ ಸಿಗಬೇಕು? ಎಲ್ಲರ ಕಿಸೆಗೂ ಮೊಬೈಲ್ ಬಂತು, ಕೆಫೆ ಮುಚ್ಚಿತು. ಅದೇ ಜಾಗದಲ್ಲಿ ಈಗ ಹೆಂಡತಿ ಯಲ್ಲವ್ವನ ಮ್ಯಾಚಿಂಗ್ ಸೆಂಟರ್. ಸೀರೆಗೆ ಒಪ್ಪುವ ಬ್ಲೌಸ್ ಪೀಸು ಹರಿದು ಕೊಡುವುದು ಅವಳ ಕೆಲಸ, ಉಳಿದದ್ದನ್ನು ಮಡಚಿ ಇಡುವುದು ಇವನದು.

ಚಂದ್ರಾಮ ತಿಕ್ಕಿದ, ಊದಿದ, ಮತ್ತೆ ಒತ್ತಿದ. ಅದನ್ನು ಕೂರಿಸುವ ಬೋರ್ಡೇ ಬಾಗಿದಂತಾಯಿತು.

"ಒತ್ತಬ್ಯಾಡ ಅಪ್ಪಾ." ಸಾಕ್ಷಿ ಮೆಲ್ಲಗೆ ಅವನ ಕೈ ಹಿಡಿದಳು. "ಧೂಳಲ್ಲ ಅದು. ನಡುವಿನ ಕಚ್ಚು ನೋಡು, ಬ್ಯಾರೆ ಕಡೆ ಐತಿ. ಇದು ಡಿಡಿಆರ್ ಫೋರ್, ಹಳೇ ತರದ್ದು. ನಮ್ಮ ಬೋರ್ಡಿಗಿ ಫೈವ್ ಬೇಕು."

ಹೌದು, ಕಚ್ಚು ಒಂದು ಕಡೆ, ಅದು ಕೂರಬೇಕಾದ ಉಬ್ಬು ಇನ್ನೊಂದು ಕಡೆ. ಇಷ್ಟು ಹೊತ್ತೂ ಕಣ್ಣೆದುರಿಗೇ ಇತ್ತು. ಚಂದ್ರಾಮನ ಕಿವಿ ಬಿಸಿಯಾಯಿತು.

"ಆ ತೌಸಿಫ ತಪ್ಪ ಕೊಟ್ಟಾನ," ಎಂದುಬಿಟ್ಟ.

ಹೊಸ್ತಿಲ ಬಳಿ ಸೀರೆಗೆ ಫಾಲ್ ಹೊಲಿಯುತ್ತಿದ್ದ ಯಲ್ಲವ್ವ ತಲೆ ಎತ್ತದೆ ಕೇಳಿದಳು. "ಅಂಗಡಿಗಿ ಬೋರ್ಡ್ ಒಯ್ದಿದ್ರೇನು? ಸೀರಿ ನೋಡದ ನಾ ಅಂತೂ ಯಾರಿಗೂ ಬ್ಲೌಸ್ ಪೀಸ್ ಹರಿಯಂಗಿಲ್ಲ."

"ನೀ ಸುಮ್ಮ ಕುಂದ್ರ. ಇದರಾಗ ನಿನಗೇನ ತಿಳೀತೈತಿ."

ಅಷ್ಟರಲ್ಲಿ ಸಾಕ್ಷಿ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು. ತೌಸಿಫ ಸಿಂದಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಚಿಕ್ಕಂದಿನಲ್ಲಿ ಇದೇ ಊರಲ್ಲಿ ಓದುತ್ತ, ಚಂದ್ರಾಮನ ಕೆಫೆಯಲ್ಲೇ ಮೌಸ್ ಹಿಡಿಯಲು ಕಲಿತ ಹುಡುಗ.

"ತೌಸಿಫಣ್ಣಾ, ರ‍್ಯಾಮ್ ಬ್ಯಾರೆ ಬಂದೈತಿ. ಅಪ್ಪ ಯಾವುದ ಕೇಳಿದ್ದ?"

ಆ ಕಡೆಯಿಂದ ತೌಸಿಫ ಹೇಳಿದ. "ನಂದ ತಪ್ಪ ಬಿಡು ತಂಗಿ. ಕಾಕಾ ಬರೋಬ್ಬರಿ ಹೇಳಿದ್ರು. ಗದ್ದಲದಾಗ ನಾನ ಬ್ಯಾರೆ ಕೊಟ್ಟೇನಿ. ಬದಲಿ ಕೊಡ್ತೇನಿ."

ಚಂದ್ರಾಮ ಫೋನಿನತ್ತ ನೋಡಿದ. ಗದ್ದಲ ಎಲ್ಲಿತ್ತು? ಅಂಗಡಿಯಲ್ಲಿ ಇವರಿಬ್ಬರೇ ಚಹಾ ಕುಡಿಯುತ್ತ ಕುಳಿತಿದ್ದರು. "ಬೋರ್ಡ್ ಯಾವುದ್ರಿ ಕಾಕಾ?" ಎಂದು ತೌಸಿಫ ಮತ್ತೆ ಮತ್ತೆ ಕೇಳಿದ್ದ. "ನನಗ ಕಲಸಾಂವ ಆದೇನಲೇ?" ಎಂದು ನಕ್ಕು, ಚಂದ್ರಾಮನೇ ಕೈಗೆ ಸಿಕ್ಕದ್ದನ್ನು ತೆಗೆದುಕೊಂಡು ಬಂದಿದ್ದ. ಈಗ ಹುಡುಗ ತನ್ನ ಹೆಸರು ಕೆಡಿಸಿಕೊಂಡು ಕಾಕಾನ ಮರ್ಯಾದೆ ಉಳಿಸುತ್ತಿದ್ದಾನೆ. ಸುಮ್ಮನಿದ್ದರೆ ಮುಗಿಯಿತು, ಮಗಳ ಕಣ್ಣಲ್ಲಿ ಹಳೆಯ ಚಂದ್ರಾಮ ಹಾಗೇ ಉಳಿಯುತ್ತಾನೆ. ಆ ಆಸೆ ಅವನಿಗೆ ಬರಲೇ ಇಲ್ಲ ಎಂದರೆ ಸುಳ್ಳಾದೀತು.

"ಇಲ್ಲವಾ," ಎಂದ ಕಡೆಗೆ. "ಅಂವ ಕೇಳಿದ್ದ. ನಾನ ಹೇಳಲಿಲ್ಲ. ಫೈವ್ ಅನ್ನೂದು ಬಂದೈತಿ ಅನ್ನೂದ ನನಗ ಗೊತ್ತಿರಲಿಲ್ಲ. ಈಗಿಂದು ನನಗ ಏನೂ ಗೊತ್ತಿಲ್ಲವಾ."

ಯಲ್ಲವ್ವನ ಸೂಜಿ ನಿಂತಿತು. ಸಾಕ್ಷಿ ಅಪ್ಪನ ಮುಖ ನೋಡಲಿಲ್ಲ. ರ‍್ಯಾಮನ್ನು ಪೊಟ್ಟಣಕ್ಕೆ ಸೇರಿಸುತ್ತ, "ಬರೂ ಐತವಾರ ಇಬ್ಬರೂ ಹೋಗೂಣು," ಎಂದಳು. "ಬೋರ್ಡ್ ನೀ ಹಿಡ್ಕೊ."

ಐತವಾರ ಸಿಂದಗಿಗೆ ಹೋಗಿ ಬಂದರು. ತೌಸಿಫ ಬೋರ್ಡ್ ನೋಡಿ, ಹದಿನಾರು ಜಿಬಿಯ ಒಂದು ಜೋಡಿ ಆರಿಸಿಕೊಟ್ಟಿದ್ದ. ಮನೆಗೆ ಬಂದ ಮೇಲೆ ಚಂದ್ರಾಮ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಮಂಚದ ಮೇಲೆ ಕುಳಿತ. ಇನ್ನು ಈ ಕೈಗೆ ಅಲ್ಲಿ ಕೆಲಸವಿಲ್ಲ ಎಂದು ಅವನಿಗೆ ನಿಜಕ್ಕೂ ಅನ್ನಿಸಿತ್ತು, ದುಃಖವೂ ಆಗಿತ್ತು.

ಸಾಕ್ಷಿ ಪೊಟ್ಟಣ ಒಡೆದಳು. ಬೋರ್ಡಿನ ಹತ್ತಿರ ಹೋಗದೆ ಅವನ ಕಾಲ ಬಳಿ ನೆಲದ ಮೇಲೆ ಕುಳಿತು, ಅದೇ ಸವೆದ ರಬ್ಬರಿನಿಂದ ಹಲ್ಲು ತಿಕ್ಕತೊಡಗಿದಳು.

"ಹೊಸಾದಕ್ಕ ಯಾಕ ತಿಕ್ಕತಿ?"

"ತಿಕ್ಕೇ ಹಾಕಬೇಕು ಅಂತ ನೀನ ಕಲಸೀದಿ."

ಉಫ್ ಎಂದು ಊದಿ ಅವನತ್ತ ಚಾಚಿದಳು. ಚಂದ್ರಾಮ ಎದ್ದು, ಕಚ್ಚು ನೋಡಿ, ಕೂರಿಸಿ, ಹೆಬ್ಬೆರಳು ಊರಿದ. ಟಕ್. ಎರಡನೆಯದೂ ಹಾಗೆಯೇ. ಆಮೇಲೆ ಮಂಚಕ್ಕೆ ಬಂದು ಕುಳಿತು, ಮಗಳು ವೈರು ಜೋಡಿಸುವುದನ್ನು ನೋಡುತ್ತಿದ್ದ.

ಯಲ್ಲವ್ವ ಕಸಬರಿಗೆ ತಂದಳು. "ಕಾಲ ಎತ್ತರಿ, ರಬ್ಬರಿನ ಪುಡಿ ಬಿದ್ದೈತಿ."

ಚಂದ್ರಾಮ ಕಾಲು ಎತ್ತಲಿಲ್ಲ. "ಇರಲಿ ಬಿಡ, ಇವತ್ತೊಂದ ದಿನ," ಎಂದ.